ಹಗುರ ಕಮಾನಿನ ಆರು ಮಟ್ಟುಗಳು

ಪಿಟೀಲು ನಮ್ಮದೋ ಪರರದೋ ಎಂಬ ಪ್ರಶ್ನೆಯನ್ನು ಈಗ ಯಾರೂ ಎತ್ತುವುದಿಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಮದರಾಸಿನ ಕಡೆ ಅದನ್ನು ಯೂರೋಪಿಯನರಿಂದ ಕಲಿತು ಇನ್ನೂರು ವರ್ಷಗಳಷ್ಟು ಕಾಲ ಸಂದಿದೆ. ನಿಂತು ನುಡಿಸುತ್ತಿದ್ದ ವಾದ್ಯ ನಮ್ಮಲ್ಲಿಗೆ ಬಂದು ಚಕ್ಕಳಮಕ್ಕಳ ಹಾಕಿ ಕುಳಿತಿತು. ಗಲ್ಲದ ಕೆಳಗಿದ್ದದ್ದು ಎದೆಗೂ ಪಾದಕ್ಕೂ ನಡುವೆ ಒರಗಿತು. ತಂತಿಗಳು ಸ-ಪ-ಸ-ಪ ಎಂದು ಶ್ರುತಿಗೊಂಡವು. ನಮ್ಮ ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿಗಳ ನಾದ ದೊಡ್ಡ ಸಭೆಯ ಕೊನೆಯ ಸಾಲಿಗೆ ಮುಟ್ಟದೆಂದು ಏಳು ತಂತಿಗಳನ್ನು ಹಾಕಿದ ಮೇಲಂತೂ ಅದು ಪರಕೀಯವೆಂಬ ನೆನಪೂ ಅಳಿಯಿತು. 1980ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಭವನವೊಂದು ಪಿಟೀಲಿನ ಆಕಾರದಲ್ಲಿಯೇ ಎದ್ದು ನಿಂತಿತು.

ಪಿಯಾನೋವಿಗೆ ಈ ಭಾಗ್ಯ ಬರಲಿಲ್ಲ. ವೀಣೆ ಶೇಷಣ್ಣನವರು ಅದನ್ನೂ ನುಡಿಸಬಲ್ಲವರಾಗಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಅದರ ಅಭ್ಯಾಸವಿತ್ತು. ಜಯಚಾಮರಾಜ ಒಡೆಯರಂತೂ ರಷ್ಯದ ಮೆಟ್ನರ್ ಅವರ ಪಿಯಾನೋ ಕೃತಿಗಳನ್ನು 1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ತಮ್ಮ ಖರ್ಚಿನಿಂದ ಧ್ವನಿಮುದ್ರಿಸಿ ಪ್ರಪಂಚಕ್ಕೆ ಉಳಿಸಿಕೊಟ್ಟರು. ಆದರೂ ಪಿಯಾನೋ ಅರಮನೆಯಿಂದ ಇಳಿದು ನಮ್ಮ ರಾಮೋತ್ಸವದ ಚಪ್ಪರಕ್ಕೆ ಬರಲಿಲ್ಲ. ಕಾರಣ ಸುಲಭ. ಅದರ ಸ್ವರ ಹುಟ್ಟಿದ ಜಾಗದಲ್ಲಿಯೇ ನಿಲ್ಲುತ್ತದೆ, ಅಲುಗುವುದಿಲ್ಲ, ಜಾರುವುದಿಲ್ಲ. ಗಮಕವಿಲ್ಲದ ವಾದ್ಯವನ್ನು ನಾವು ದೂರದಿಂದ ಗೌರವಿಸುತ್ತೇವೆ, ಅಷ್ಟೆ.

ಈ ಎರಡು ವಾದ್ಯಗಳೂ ಒಟ್ಟಿಗೆ ಕುಳಿತು ನುಡಿಯುವ ಅಮೆರಿಕದ ಕೃತಿಯೊಂದನ್ನು ಈಚೆಗೆ ಕೇಳಿದೆ. ಕೇಳಿದ ಸ್ಥಳ ವೈಟ್‌ಫೀಲ್ಡು. ಡಿ. ಎಸ್. ವೈಟ್ ಎಂಬುವರ ಪ್ರಯತ್ನದಿಂದ, ಚಾಮರಾಜ ಒಡೆಯರು ದಯಪಾಲಿಸಿದ ನೆಲದಲ್ಲಿ, 1882ರ ಸುಮಾರಿಗೆ ಆಂಗ್ಲೋ-ಇಂಡಿಯನ್ ಸಂಸಾರಗಳಿಗಾಗಿ ಹುಟ್ಟಿದ ಊರು ಅದು. ಇಂದು ಅಲ್ಲಿ ಹಂಚಿನ ಮನೆಗಳನ್ನು ಹುಡುಕಬೇಕು. ಸಾಫ್ಟ್‌ವೇರ್ ಕಚೇರಿಗಳ ಗಾಜಿನ ಗೋಡೆಗಳನ್ನು ಹುಡುಕಬೇಕಾಗಿಲ್ಲ. 2023ರ ಮಾರ್ಚಿನಲ್ಲಿ ಮೆಟ್ರೋ ರೈಲು ಅಲ್ಲಿಗೆ ಬಂದದ್ದರಿಂದ ನನ್ನಂಥ ಬಸವನಗುಡಿಯ ಮನುಷ್ಯನೂ ಧೈರ್ಯ ಮಾಡಿ ಹೋಗುವಂತಾಗಿದೆ. ಹೋಪ್‌ಫಾರಂ ನಿಲ್ದಾಣದಲ್ಲಿ ಇಳಿದು, ಹಳೆಯ ಮಿತ್ರರೊಬ್ಬರು ವಾಸಿಸುವ ನಾಲ್ಕನೆಯ ಮಹಡಿಯ ಮನೆಗೆ ಒಂದು ಭಾನುವಾರ ಸಂಜೆ ಹೋದೆ. ಅವರ ಮಗಳು ಎಂಟನೆಯ ವಯಸ್ಸಿನಿಂದ ನಮ್ಮ ಪದ್ಧತಿಯಲ್ಲಿ ಪಿಟೀಲು ಕಲಿತವಳು. ಈಗ ಅಲ್ಲಿನ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಆಕೆಯ ಸಹೋದ್ಯೋಗಿಯೊಬ್ಬ ವಿದ್ಯುತ್ತಿನ ಕೀಬೋರ್ಡನ್ನು ಹೊತ್ತು ತಂದಿದ್ದ. ಕೇಳುವವರು ನಾವು ಎಂಟು ಮಂದಿ.

"ಮಾಮ, ಮೊದಲೇ ಹೇಳಿಬಿಡ್ತೀನಿ, ಇವತ್ತು ಕೀರ್ತನೆ ಇಲ್ಲ. ಬೇಜಾರು ಮಾಡ್ಕೋಬಾರದು" ಎಂದಳು ಹುಡುಗಿ. ತಂತಿಗಳನ್ನು ಪಾಶ್ಚಾತ್ಯರ ಶ್ರುತಿಗೆ ಏರಿಸಿಯಾಗಿತ್ತು. ಕೃತಿಯ ಹೆಸರು 'ಪಿಟೀಲು ಮತ್ತು ಕೀಲಿಮಣೆಗೆ ಆರು ಮಟ್ಟುಗಳು'. ಬರೆದವರು ಜಾನ್ ಕೇಜ್, ಬರೆದದ್ದು 1950ರಲ್ಲಿ. ಕೀಲಿಮಣೆಯೆಂದರೆ ಪಿಯಾನೋ ಎಂದೇ ಅಭಿಪ್ರಾಯವಾದರೂ ಹೆಸರಿನಲ್ಲಿ ಬಾಗಿಲು ಸ್ವಲ್ಪ ತೆರೆದಿದೆ. ಆ ಸಂದಿಯಲ್ಲಿ ನಮ್ಮ ಯುವಕನ ಕೀಬೋರ್ಡು ನುಸುಳಿತು.

ಆರು ಮಟ್ಟುಗಳೂ ಸೇರಿ ಕಾಲು ಗಂಟೆಗೆ ಮೀರವು. ಮೊದಲ ಸಲ ಕೇಳಿದಾಗ ನನಗೆ ಏನೂ ದಕ್ಕಲಿಲ್ಲವೆಂದು ಒಪ್ಪಿಕೊಳ್ಳಬೇಕು. ಸಣ್ಣ ಸಣ್ಣ ವಾಕ್ಯಗಳು, ನಡುವೆ ಬಿಡುವು, ಮತ್ತೆ ಅದೇ ಕೆಲವು ಸ್ವರಗಳು. ಏರಿಲ್ಲ, ಅಬ್ಬರವಿಲ್ಲ. ಅಳುವೂ ಇಲ್ಲ, ನಗುವೂ ಇಲ್ಲ. ಪಿಟೀಲಿನ ದನಿ ಕೊಳಲಿನಂತೆ ತೆಳುವಾಗಿ, ಪಕ್ಕದ ಕೋಣೆಯಿಂದ ಕೇಳಿ ಬಂದಂತೆ ಇತ್ತು. ಶ್ರುತಿ ಸರಿಮಾಡಿಕೊಳ್ಳುತ್ತಿದ್ದಾರೆ, ಇನ್ನೇನು ಕೃತಿ ಆರಂಭವಾಗುತ್ತದೆ ಎಂದು ಕಾಯುತ್ತಿರುವಾಗಲೇ ಅದು ಮುಗಿದುಹೋಯಿತು. ಚಪ್ಪಾಳೆ ತಟ್ಟುವುದೋ ಬೇಡವೋ ತಿಳಿಯದೆ ಮುಖ ಮುಖ ನೋಡಿಕೊಂಡೆವು.

ನನ್ನ ಮಿತ್ರರು ಮಾತ್ರ ಹೆಮ್ಮೆಯಿಂದ ಬೀಗುತ್ತಿದ್ದರು. "ಇದರ ಮೂಲ ಎಲ್ಲಿ ಗೊತ್ತೇನಯ್ಯ? ನಮ್ಮ ದೇಶ! ಕೊನೆಗೆ ಅಮೆರಿಕದವರೂ ನಮ್ಮ ಹತ್ತಿರಾನೇ ಬಂದರು ಕಣಯ್ಯ" ಎಂದರು. ಈ ಮಾತನ್ನು ಪರೀಕ್ಷಿಸಿ ನೋಡಬೇಕೆನ್ನಿಸಿತು. ಇದು ನಿಜವಾದರೆ ನನ್ನ ಕಿವಿಯಲ್ಲಿ ದೋಷವಿದೆ; ಸುಳ್ಳಾದರೆ ಅವರ ಹೆಮ್ಮೆಯಲ್ಲಿ ದೋಷವಿದೆ. ಅದಕ್ಕೆ ಕೇಜ್ ಅವರ ಕಥೆಯನ್ನು ಸ್ವಲ್ಪ ಹೇಳಲೇಬೇಕು.

ಅವರು 1912ರಲ್ಲಿ ಲಾಸ್ ಏಂಜಲೀಸಿನಲ್ಲಿ ಹುಟ್ಟಿದವರು. 1992ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ತರುಣರಾಗಿದ್ದಾಗ ಆ ಕಾಲದ ಮಹಾಸಂಗೀತಗಾರ ಷೋನ್‌ಬರ್ಗ್ ಅವರಲ್ಲಿ ಶಿಷ್ಯವೃತ್ತಿ ಮಾಡಿದರು. ನಿನಗೆ ಸ್ವರಮೇಳದ ಸೂಕ್ಷ್ಮ ತಿಳಿಯದು, ಹೀಗಾದರೆ ಮುಂದೆ ಗೋಡೆಗೆ ಹೋಗಿ ಮುಟ್ಟುತ್ತೀಯೆ ಎಂದು ಗುರುಗಳು ಎಚ್ಚರಿಸಿದಾಗ, ಹಾಗಾದರೆ ಆ ಗೋಡೆಗೆ ತಲೆ ಚಚ್ಚಿಕೊಳ್ಳುವುದರಲ್ಲಿಯೇ ಬಾಳನ್ನು ಕಳೆಯುತ್ತೇನೆ ಎಂದು ಶಿಷ್ಯ ಉತ್ತರ ಕೊಟ್ಟನಂತೆ. ಪಿಯಾನೋದ ತಂತಿಗಳ ನಡುವೆ ಬೋಲ್ಟು, ಸ್ಕ್ರೂ, ರಬ್ಬರಿನ ತುಂಡುಗಳನ್ನು ಸಿಕ್ಕಿಸಿ ಅದನ್ನು ಒಂದು ತಾಳವಾದ್ಯದ ಮೇಳವನ್ನಾಗಿ ಮಾಡಿದವರು ಇವರೇ.

1945ರ ಹೊತ್ತಿಗೆ ಅವರ ಬಾಳು ಕಲಕಿಹೋಗಿತ್ತು. ಸಂಸಾರ ಮುರಿದಿತ್ತು. ತಮ್ಮ ಸಂಕಟವನ್ನೆಲ್ಲ ತುಂಬಿ ಬರೆದ ಪಿಯಾನೋ ಕೃತಿಯೊಂದನ್ನು ಕೇಳಿದ ವಿಮರ್ಶಕ, ಚರ್ಚಿನ ಗಂಟೆಗೋಪುರದಲ್ಲಿ ಮರಕುಟಿಗ ಕುಟ್ಟಿದಂತಿದೆ ಎಂದು ಬರೆದನೆಂದು ಅವರೇ ಹೇಳಿಕೊಂಡಿದ್ದಾರೆ. ನಾನು ಅತ್ತರೆ ಕೇಳುವವನು ನಗುವುದಾದರೆ ಸಂಗೀತದಿಂದ ಭಾವವನ್ನು ಮುಟ್ಟಿಸುತ್ತೇನೆಂಬ ಮಾತಿಗೆ ಅರ್ಥವೇನು? ಬೇರೆ ಪ್ರಯೋಜನ ಕಾಣದ ಹೊರತು ಸಂಗೀತ ಬರೆಯುವುದನ್ನೇ ಬಿಡುತ್ತೇನೆಂಬ ಸ್ಥಿತಿಗೆ ಅವರು ಬಂದಿದ್ದರು.

ಆಗ, 1946ರಲ್ಲಿ, ಅಹಮದಾಬಾದಿನ ಗೀತಾ ಸಾರಾಭಾಯಿ ನ್ಯೂಯಾರ್ಕಿಗೆ ಬಂದರು. ಪಾಶ್ಚಾತ್ಯ ಸಂಗೀತದ ಪ್ರಭಾವದಿಂದ ನಮ್ಮ ಸಂಗೀತಕ್ಕೆ ಏನಾಗಬಹುದೆಂಬ ಆತಂಕ ಆಕೆಗಿತ್ತು. ಆ ಪ್ರಭಾವವನ್ನು ಅದರ ಮನೆಯಲ್ಲಿಯೇ ಕಂಡು ಅರಿಯಬೇಕೆಂದು ಹೊರಟಿದ್ದರು. ಕೇಜ್ ಆಕೆಗೆ ಕೌಂಟರ್‌ಪಾಯಿಂಟನ್ನೂ ಈ ಕಾಲದ ಪಾಶ್ಚಾತ್ಯ ಸಂಗೀತವನ್ನೂ ಕಲಿಸಿದರು. ಶುಲ್ಕಕ್ಕೆ ಬದಲಾಗಿ ಆಕೆ ಅವರಿಗೆ ಭಾರತೀಯ ಸಂಗೀತವನ್ನು ತಿಳಿಸಿಕೊಟ್ಟರು. ಸಂಗೀತದ ಪ್ರಯೋಜನವೇನು ಎಂದು ಅವರು ಕೇಳಿದಾಗ, ಮನಸ್ಸನ್ನು ತಿಳಿಗೊಳಿಸಿ ಸುಮ್ಮನಾಗಿಸುವುದು, ದೈವದ ಪ್ರಭಾವಕ್ಕೆ ಅದನ್ನು ಸಿದ್ಧಗೊಳಿಸುವುದು ಎಂದು ತಮ್ಮ ಗುರುಗಳಿಂದ ಕೇಳಿದ್ದನ್ನು ಆಕೆ ಹೇಳಿದರು. ಊರಿಗೆ ಹೊರಡುವಾಗ ಶ್ರೀರಾಮಕೃಷ್ಣರ ವಚನಾಮೃತದ ಆಂಗ್ಲ ಅನುವಾದವನ್ನು ಕೈಗಿತ್ತರು. ಅದೇ ಕಾಲದಲ್ಲಿ ಕೇಜ್ ಆನಂದ ಕುಮಾರಸ್ವಾಮಿಯವರ ಬರಹಗಳನ್ನು ಓದಿದರು. ನವರಸಗಳ ವಿಚಾರ ತಿಳಿದುಕೊಂಡರು. 1946ರಿಂದ 48ರವರೆಗೆ ಬರೆದ 'ಸೊನಾಟಾಗಳು ಮತ್ತು ಇಂಟರ್‌ಲ್ಯೂಡುಗಳು' ಎಂಬ ಪಿಯಾನೋ ಕೃತಿಯಲ್ಲಿ ಒಂಬತ್ತು ರಸಗಳನ್ನೂ, ಅವು ಶಾಂತದ ಕಡೆಗೆ ಒಲಿಯುವುದನ್ನೂ ತೋರಿಸಲೆತ್ನಿಸಿದರು. 1950ರಲ್ಲಿ ಮುಗಿಸಿದ 'ನಾಲ್ಕು ಭಾಗಗಳ ತಂತಿವಾದ್ಯ ಚತುಷ್ಟಯ'ದಲ್ಲಿ ನಾಲ್ಕು ಋತುಗಳನ್ನು ಸೃಷ್ಟಿ, ಸ್ಥಿತಿ, ಲಯ, ವಿಶ್ರಾಂತಿ ಎಂಬ ನಾಲ್ಕು ಅವಸ್ಥೆಗಳಾಗಿ ಕಂಡರು. 'ಆರು ಮಟ್ಟುಗಳು' ಆ ಚತುಷ್ಟಯಕ್ಕೆ ಅವರು ಬರೆದ ಅನುಬಂಧ. ಕಾಗದವನ್ನೆಲ್ಲ ಬರೆದು ರುಜು ಹಾಕಿದ ಮೇಲೆ ನಾವು 'ತಾ. ಕ.' ಎಂದು ಎರಡು ಸಾಲು ಸೇರಿಸುವುದಿಲ್ಲವೆ, ಹಾಗೆ.

ಈ ಅನುಬಂಧದ ಕಟ್ಟಡ ವಿಚಿತ್ರವಾದದ್ದು. ಕೆಲವೇ ನಾದಗಳನ್ನು ಕೇಜ್ ಮೊದಲೇ ಆರಿಸಿಟ್ಟುಕೊಂಡರು: ಕೆಲವು ಒಂಟಿ ಸ್ವರ, ಕೆಲವು ಜೋಡಿ, ಕೆಲವು ಗುಂಪು. ಒಂದು ಸ್ವರಕ್ಕೆ ಯಾವ ಜೊತೆಯನ್ನು ಗೊತ್ತುಮಾಡಿದರೋ ಅದೇ ಅದಕ್ಕೆ ಕೊನೆಯವರೆಗೂ ಜೊತೆ. ಹಿಂದಿನ ಮುದ್ರಣಾಲಯಗಳಲ್ಲಿ ಅಚ್ಚಿನ ಮೊಳೆ ಜೋಡಿಸುವವರನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು. 'ಕ್ಷ' ಬೇಕಾದಾಗ ಅವರು ಕಕಾರವನ್ನೂ ಷಕಾರವನ್ನೂ ಬೇರೆ ಬೇರೆ ತೆಗೆದು ಸೇರಿಸುತ್ತಿರಲಿಲ್ಲ. 'ಕ್ಷ' ಎಂಬ ಒಂದೇ ಮೊಳೆ ಇತ್ತು, ಅದನ್ನು ಎತ್ತಿ ಇಡುತ್ತಿದ್ದರು. ಕೇಜ್ ಅವರ ಮಟ್ಟಿನಲ್ಲಿಯೂ ಹಾಗೆಯೇ. ಮಟ್ಟು ಒಂದು ಸ್ವರವನ್ನು ಬಯಸಿದಾಗ ಅದರ ಮೊಳೆ ಇಡಿಯಾಗಿ ಬರುತ್ತದೆ. ಮೊಳೆಯ ಅರ್ಧ ಪಿಟೀಲಿನಲ್ಲಿ, ಅರ್ಧ ಪಿಯಾನೋದಲ್ಲಿ ಇದ್ದರೂ ಇರಬಹುದು. ಪಾಶ್ಚಾತ್ಯರ ಸ್ವರಮೇಳದಲ್ಲಿ ಒಂದು ಮೇಳ ಇನ್ನೊಂದನ್ನು ಎಳೆಯುತ್ತದೆ. ಆ ಎಳೆತದಿಂದಲೇ ಸಂಗೀತ ಮುಂದಕ್ಕೆ ಹೋಗಿ ಮನೆ ಸೇರುತ್ತದೆ. ಇಲ್ಲಿ ಎಳೆತವೇ ಇಲ್ಲ. ಗುರುಗಳು ಹೇಳಿದ್ದ ಗೋಡೆಗೆ ತಲೆ ಚಚ್ಚಿಕೊಳ್ಳುವ ಬದಲು ಶಿಷ್ಯ ಅದಕ್ಕೆ ಒರಗಿ ಕುಳಿತುಬಿಟ್ಟಿದ್ದಾನೆ.

ಎರಡು ವಾದ್ಯಗಳ ಸಂಬಂಧವೂ ಇದರಿಂದ ಬದಲಾಗಿದೆ. ನಮ್ಮ ಕಚೇರಿಯಲ್ಲಿ ಪಿಟೀಲು ಗಾಯಕನ ನೆರಳು. ಬೀಥೋವನ್ನರ ಸೊನಾಟಾಗಳಲ್ಲಿ ಪಿಟೀಲೂ ಪಿಯಾನೋವೂ ಸಮಾನಸ್ಕಂಧರು. ವಾದ ಹೂಡುತ್ತವೆ, ರಾಜಿಯಾಗುತ್ತವೆ. ಕೇಜ್ ಅವರಲ್ಲಿ ನೆರಳೂ ಇಲ್ಲ, ವಾದವೂ ಇಲ್ಲ. ಇಬ್ಬರು ಸೇರಿ ಒಂದೇ ರಂಗೋಲಿಗೆ ಚುಕ್ಕೆ ಇಡುವಂತೆ ಇವು ಒಂದೇ ಮಟ್ಟನ್ನು ಹಂಚಿಕೊಂಡು ನುಡಿಸುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಪಿಟೀಲಿಗೆ ಅವರು ವಿಧಿಸಿರುವ ಎರಡು ನಿಯಮಗಳು: ಬೆರಳು ಕಂಪಿಸಬಾರದು, ಕಮಾನಿನ ಭಾರ ಆದಷ್ಟು ಕಡಮೆಯಿರಬೇಕು. "ಬೆರಳನ್ನ ಸುಮ್ಮನಿರಿಸೋದೇ ನನಗೆ ಕಷ್ಟವಾಯ್ತು ಮಾಮ. ಗಾಂಧಾರ ಹಿಡಿದ ಕೂಡಲೇ ಅದು ತಾನಾಗೇ ಅಲ್ಲಾಡುತ್ತೆ. ಇಪ್ಪತ್ತು ವರ್ಷದ ಅಭ್ಯಾಸ" ಎಂದಳು ಹುಡುಗಿ. ನಮ್ಮ ಚೌಡಯ್ಯನವರು ಕೊನೆಯ ಸಾಲಿನವನಿಗೂ ಕೇಳಿಸಲೆಂದು ಮೂರು ತಂತಿ ಹೆಚ್ಚಿಗೆ ಹಾಕಿದರು. ಈತ ಮೊದಲ ಸಾಲಿನವನೂ ಮುಂದಕ್ಕೆ ಬಾಗಿ ಕೇಳಬೇಕೆಂದು ಇರುವ ತಂತಿಗಳ ಮೇಲಿನ ಭಾರವನ್ನೂ ತೆಗೆದರು. ಒಂದೇ ವಾದ್ಯ, ಎರಡು ಔದಾರ್ಯಗಳು.

ಇನ್ನು ಮಿತ್ರರ ಮಾತಿಗೆ ಬರೋಣ. ಈ ಆರು ಮಟ್ಟುಗಳಲ್ಲಿ ನಮ್ಮದೆಂಬುದು ಎಷ್ಟಿದೆ? ರಾಗವಿಲ್ಲ, ತಂಬೂರಿಯಿಲ್ಲ, ಆಧಾರಷಡ್ಜವೇ ಇಲ್ಲವಾದ್ದರಿಂದ ಯಾವ ಸ್ವರಕ್ಕೂ ತವರಿಲ್ಲ. ಗಮಕಕ್ಕಂತೂ ನಿಷೇಧವೇ ಇದೆ. ಕಾಲವನ್ನು ಮೊದಲೇ ಅಳೆದು, ಇಡೀ ಕೃತಿಗೆ ಯಾವ ಪ್ರಮಾಣವೋ ಅದರ ತುಂಡುಗಳಿಗೂ ಅದೇ ಪ್ರಮಾಣವೆಂದು ಕಟ್ಟುವ ಕ್ರಮ ನಮ್ಮ ತಾಳದ ಲೆಕ್ಕವನ್ನು ನೆನಪಿಗೆ ತರುವುದು ನಿಜ. ಆದರೆ ಆ ಕ್ರಮವನ್ನು ಅವರು 1939ರಲ್ಲಿಯೇ ಹಿಡಿದಿದ್ದರು. ಗೀತಾ ಸಾರಾಭಾಯಿಯವರನ್ನು ಕಂಡದ್ದು ಏಳು ವರ್ಷಗಳ ಅನಂತರ. ಅವರು ನಮ್ಮಿಂದ ಪಡೆದದ್ದು ಸ್ವರವನ್ನಲ್ಲ, ಸಂಗೀತವೇಕೆ ಎಂಬ ಪ್ರಶ್ನೆಗೆ ಒಂದು ಉತ್ತರವನ್ನು. ಬಾಲುಸ್ವಾಮಿ ದೀಕ್ಷಿತರು ಇದಕ್ಕೆ ತದ್ವಿರುದ್ಧ: ಪರರ ವಾದ್ಯವನ್ನು ಪಡೆದರು, ಅದರ ಉದ್ದೇಶವನ್ನು ಅವರಿಗೇ ಬಿಟ್ಟರು. ಪಿಟೀಲಿನ ಕಚೇರಿ ಕೇಳಿ ಇಟಲಿಯವನು 'ಇದು ನಮ್ಮದು' ಎಂದು ಬೀಗಿದರೆ ನಮಗೆ ನಗು ಬರುತ್ತದೆ. ಕೇಜ್ ಅವರ ಕೃತಿ ಕೇಳಿ ನಾವು ಬೀಗುವುದೂ ಅಷ್ಟೇ ನಗೆಗೀಡು. ಮಿತ್ರರು ಇದನ್ನು ಒಪ್ಪಲಿಲ್ಲ. ಒಪ್ಪಲಿಲ್ಲವೆಂದು ಕಾಫಿ ತರಿಸಿದರು.

ನನ್ನ ಬೇಡಿಕೆಯ ಮೇಲೆ ಹುಡುಗರು ಕೃತಿಯನ್ನು ಎರಡನೆಯ ಸಲ ನುಡಿಸಿದರು. ಈ ಸಲ ಮುಂದೇನು ಎಂದು ಕಾಯುವುದನ್ನು ಬಿಟ್ಟೆ. ಒಂದು ಮೊಳೆ ಬಂದಿತು, ಇನ್ನೊಂದು ಬಂದಿತು, ಮೊದಲು ಬಂದದ್ದೇ ತಿರುಗಿ ಬಂದಾಗ ಬೀದಿಯಲ್ಲಿ ಗುರುತಿನವರನ್ನು ಕಂಡಷ್ಟು ಸಂತೋಷವಾಯಿತು. ಸ್ವರ ನಿಂತ ಮೇಲೆ ಉಳಿಯುವ ಬಿಡುವೂ ಮಟ್ಟಿನ ಭಾಗವೇ ಎಂಬುದು ಕಿವಿಗೆ ಹತ್ತತೊಡಗಿತು. ನಾಲ್ಕನೆಯ ಮಟ್ಟು ಮುಗಿದು ಐದನೆಯದು ಆರಂಭವಾಗುವಷ್ಟರಲ್ಲಿ ಕೆಳಗೆ ನೀರಿನ ಟ್ಯಾಂಕರು ಬಂದು ನಿಂತು ಪಂಪು ಗೊರಗುಟ್ಟತೊಡಗಿತು. ವೈಟ್‌ಫೀಲ್ಡಿನ ಮನೆಗಳಿಗೆ ಅದು ಮಂಗಳವಾದ್ಯವೇ ಸರಿ. ಯಾರೂ ಅದನ್ನು ಬೈಯುವಂತಿಲ್ಲ. ಹುಡುಗಿ ಕಮಾನಿನ ಭಾರ ಹೆಚ್ಚಿಸಲಿಲ್ಲ. ಪಿಟೀಲು ಕಾಣುತ್ತಿತ್ತು, ಕೇಳುತ್ತಿರಲಿಲ್ಲ.

ಕೇಜ್ ಅವರನ್ನು ಬಲ್ಲವರು ಇಲ್ಲಿ ಒಂದು ಮಾತು ಹೇಳುತ್ತಾರೆ: ಟ್ಯಾಂಕರಿನ ಸದ್ದೂ ಸಂಗೀತವೇ. 1951ರಲ್ಲಿ ಹಾರ್ವರ್ಡಿನ ನಿಶ್ಶಬ್ದ ಕೋಣೆಯಲ್ಲಿ ಕುಳಿತಾಗಲೂ ತಮ್ಮ ಮೈಯೊಳಗಿನ ಸದ್ದು ಕೇಳಿತೆಂದು, ಆದ್ದರಿಂದ ಮೌನವೆಂಬುದೇ ಇಲ್ಲವೆಂದು ಕೇಜ್ ಸಾರಿದರು. 1952ರ ಆಗಸ್ಟಿನಲ್ಲಿ ಪಿಯಾನೋ ವಾದಕನೊಬ್ಬ ನಾಲ್ಕು ನಿಮಿಷ ಮೂವತ್ತಮೂರು ಸೆಕೆಂಡು ಒಂದು ಸ್ವರವನ್ನೂ ಬಾರಿಸದೆ ಕುಳಿತಿದ್ದ ಪ್ರಸಿದ್ಧ ಕೃತಿ ಅವರದೇ. ಇದೆಲ್ಲ ನಿಜ. ಆದರೆ 'ಆರು ಮಟ್ಟುಗಳು' ಅದಕ್ಕೆ ಹಿಂದಿನದು. ಇದರ ಒಂದೊಂದು ಸ್ವರವನ್ನೂ ಅವರು ಆರಿಸಿ ಇಟ್ಟಿದ್ದಾರೆ. ಆರಿಸಿದ್ದು ಕೇಳಿಸಲೆಂದೇ. ಟ್ಯಾಂಕರು ಆ ಸಂಜೆ ನಷ್ಟವನ್ನೇ ಮಾಡಿತು. ನಷ್ಟವನ್ನು ತತ್ತ್ವದ ಹೆಸರಿನಲ್ಲಿ ಲಾಭವೆಂದು ಬರೆದುಕೊಳ್ಳುವ ಲೆಕ್ಕ ನನಗೆ ಹಿಡಿಸದು. ಇಷ್ಟು ಮೆಲ್ಲಗಿನ ಸಂಗೀತವನ್ನು ಉಳಿಸಿಕೊಳ್ಳಲಾರದ ಊರನ್ನು ನಾವು ಕಟ್ಟಿಕೊಂಡಿದ್ದೇವೆ ಎಂಬುದನ್ನು ನೇರವಾಗಿ ಒಪ್ಪಿಕೊಳ್ಳುವುದು ಮೇಲು.

ಪಂಪು ತಟ್ಟನೆ ನಿಂತಿತು. ಆ ಹೊತ್ತಿಗೆ ಆರನೆಯ ಮಟ್ಟಿನ ನಡುವೆ ಒಂದು ಬಿಡುವು ಇತ್ತು. ಯಾವ ಸದ್ದೂ ಇಲ್ಲದ ಎರಡು ಕ್ಷಣ. ಆಗ ನನಗೆ ನೆನಪಾದವಳು ಪಂಪನ ನೀಲಾಂಜನೆ. 'ಆದಿಪುರಾಣ'ದಲ್ಲಿ ಆಕೆ ಕುಣಿಯುತ್ತಿರುವಾಗಲೇ ಆಯುಸ್ಸು ಮುಗಿದು ಮಾಯವಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರ ಆ ಕ್ಷಣವೇ ಆಕೆಯಂಥ ಇನ್ನೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಗೆ ಅದು ತಿಳಿಯಲೇ ಇಲ್ಲ. ನಡುವಿನ ಸಂದು ಕಂಡದ್ದು ಆದಿದೇವನೊಬ್ಬನಿಗೆ. ಆತನ ವೈರಾಗ್ಯ ಹುಟ್ಟಿದ್ದು ಅಲ್ಲಿಂದ. ನಮ್ಮ ಆದಿಕವಿ ಸಾವಿರ ವರ್ಷಗಳ ಹಿಂದೆ, 941ರಲ್ಲಿ, ಶಾಂತರಸದ ಬಾಗಿಲನ್ನು ಕುಣಿತದ ನಡುವಿನ ಒಂದು ಬಿರುಕಿನಲ್ಲಿ ತೋರಿಸಿದ. ಇಂದ್ರನ ಕೆಲಸ ಸಂದನ್ನು ಮುಚ್ಚುವುದು. ಬಹುಮಟ್ಟಿಗೆ ಎಲ್ಲ ಸಂಗೀತಗಾರರ ಕೆಲಸವೂ ಅದೇ. ಕೇಜ್ ಅದನ್ನು ಮುಚ್ಚದೆ ಬಿಟ್ಟರು. ಅದು ಈ ಕೃತಿಯ ನಿಜವಾದ ಗುಣವೆಂದು ನನಗೆ ತೋರುತ್ತದೆ.

ದೋಷವೂ ಅಲ್ಲಿಯೇ ಇದೆ. ನೀಲಾಂಜನೆ ಮಾಯವಾಗುವುದಕ್ಕೆ ಮೊದಲು ಕುಣಿದಿದ್ದಳು, ಸಭೆ ಮೈಮರೆತಿತ್ತು. ಶೃಂಗಾರ ತುಂಬಿದ್ದರಿಂದಲೇ ಅದು ಬರಿದಾದಾಗ ಶಾಂತ ಹುಟ್ಟಿತು. ಕೇಜ್ ಅವರ ಆರು ಮಟ್ಟುಗಳಲ್ಲಿ ಉಳಿದ ಎಂಟು ರಸಗಳು ಎಲ್ಲಿ? ಒಂಬತ್ತನೆಯದನ್ನೇ ನೇರವಾಗಿ ತಂದು ಎಲೆಗೆ ಬಡಿಸಿದರೆ ಹಸಿವೇ ಆಗಿರದವನಿಗೆ ಅದರ ರುಚಿ ತಿಳಿಯುವುದು ಹೇಗೆ? ತಮ್ಮ ಪಾಲಿಗೆ ಅವರು ಆ ಎಂಟನ್ನೂ ದಾಟಿ ಬಂದಿದ್ದರು, ಬಾಳಿನಲ್ಲಿಯೂ ಹಿಂದಿನ ಕೃತಿಯಲ್ಲಿಯೂ. ಆದರೆ ತಾ. ಕ. ಮಾತ್ರ ಕೈಗೆ ಬಂದವನು ಕಾಗದದ ಸುಖದುಃಖಗಳನ್ನು ಊಹಿಸಿಕೊಳ್ಳಲಾರ. ಈ ಕೃತಿಯನ್ನು ಅದರ ಹಿಂದಿನ ಚತುಷ್ಟಯದೊಡನೆ ಕೇಳಬೇಕು. ಒಂಟಿಯಾಗಿ ಕೇಳುವುದಾದರೆ ಎರಡು ಸಲವಾದರೂ ಕೇಳಬೇಕು. ಒಂದೇ ಸಲ ಕೇಳಿದವನು ನನ್ನಂತೆಯೇ ತಪ್ಪು ತೀರ್ಪು ಕೊಟ್ಟಾನು.

ಎದ್ದು ಹೊರಡುವ ಮೊದಲು ಮಿತ್ರರು ಮಗಳಿಗೆ, "ನಮ್ಮದೂ ಒಂದು ಆಗಲಮ್ಮ" ಎಂದರು. ಆಕೆ ನೆಲಕ್ಕೆ ಕುಳಿತು, ಬಿರಡೆಗಳನ್ನು ತಿರುಗಿಸಿ ಸ-ಪ-ಸ-ಪಕ್ಕೆ ಇಳಿಸಿಕೊಂಡು, ತೋಡಿಯನ್ನು ಎತ್ತಿಕೊಂಡಳು. ತೋಡಿಯ ಗಾಂಧಾರವನ್ನು ನಾನು ಐವತ್ತು ವರ್ಷಗಳಿಂದ ಕೇಳಿದ್ದೇನೆ. ಅದು ತೂಗುವುದನ್ನು ತೊಟ್ಟಿಲು ತೂಗುವಷ್ಟೇ ಸಹಜವೆಂದು ಎಣಿಸಿ ಅದರ ಕಡೆಗೆ ಕಿವಿಗೊಡುವುದನ್ನೇ ಬಿಟ್ಟಿದ್ದೆ. ಅರ್ಧ ಗಂಟೆ ಅಲುಗದ ಸ್ವರಗಳ ಜೊತೆ ಇದ್ದು ಬಂದ ಕಿವಿಗೆ ಆ ಮೊದಲ ಕಂಪನ ಮೈ ನಡುಗಿಸುವಂತಿತ್ತು. ಒಂದು ಸ್ವರದಲ್ಲಿ ಎಷ್ಟು ದುಃಖವನ್ನು ಇಟ್ಟಿದ್ದಾರೆ ನಮ್ಮವರು ಎನ್ನಿಸಿತು. ಕೇಜ್ ಅವರ ಮಟ್ಟುಗಳನ್ನು ಮತ್ತೆ ಮತ್ತೆ ಕೇಳುತ್ತೇನೆಂದು ಹೇಳಲಾರೆ. ಆದರೆ ಆ ರಾತ್ರಿ ಮೆಟ್ರೋದಲ್ಲಿ ಮರಳುವಾಗ ಕಿವಿಯಲ್ಲಿ ಉಳಿದಿದ್ದ ತೋಡಿ ಅವರಿಂದಾಗಿ ನನಗೆ ಹೊಸದಾಗಿ ದೊರೆತದ್ದು. ಅದನ್ನು ಇಲ್ಲಿ ನಮೂದಿಸದಿದ್ದರೆ ಋಣ ಉಳಿದೀತು.